ಎಂಟು ದಿನ ಅಂದಿದ್ದಿರಿ, ಸ್ವಾಮಿ

ಮಾನ್ಯ ಅಧಿಕಾರಿಗಳಿಗೆ,

ಗೆಜ್ಜಲಗೆರೆ ಕಡೆಯ, ಮೂರು ರಾಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸೊಬ್ಬಳ ನಮಸ್ಕಾರ. ನಿಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಕಚೇರಿಗೆ ಮೂರು ಸಲ ಬಂದೆ, ಎರಡು ಅರ್ಜಿ ಕೊಟ್ಟೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲೂ ಕೇಳಿದೆ. 30 ದಿನದೊಳಗೆ ಉತ್ತರ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ನಾಲ್ಕು ಜನ ಓದಲಿ ಎಂದು ಈ ಪತ್ರ.

ನಮ್ಮ ಬೀದಿಯ ಕಥೆ ಸುತ್ತಲ ಊರಿಗೆಲ್ಲ ಗೊತ್ತು, ಉದ್ದ ಮಾಡುವುದಿಲ್ಲ. ಒಂದೇ ಚಳಿಗಾಲದಲ್ಲಿ ನಮ್ಮದೂ ಸೇರಿ ನಾಲ್ಕು ಮನೆಯ ಹಸುಗಳು ಕಂದು ಹಾಕಿದವು. ಎಲ್ಲವೂ ಆರು ತಿಂಗಳು ದಾಟಿದ ಗಬ್ಬ. ಸಂಕ್ರಾಂತಿ ಕಳೆದ ವಾರ ನೀವು ಬಂದು, ಡೈರಿ ಮುಂದಿನ ಹೊಂಗೆ ಮರದಡಿ ಹನ್ನೊಂದು ಹಸುಗಳ ರಕ್ತ ತೆಗೆಸಿದಿರಿ. ನಿಮ್ಮ ಹುಡುಗ ಕಿವಿಯ ಓಲೆ ನೋಡಿ, ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಪ್ಲಾಸ್ಟರಿನ ಮೇಲೆ ಬರೆದು, ಒಂದೊಂದು ಸೀಸೆಗೂ ಅಂಟಿಸಿ ಐಸ್ ಡಬ್ಬಿಗಿಟ್ಟ. ಹಗ್ಗ ಹಿಡಿದು ನಿಂತವಳು ನಾನೇ. ಡಬ್ಬಿ ಮುಚ್ಚುವಾಗ ನೀವು ಹೇಳಿದ ಮಾತಿಗೆ ಬೀದಿಯೇ ಸಾಕ್ಷಿ: "ಎಂಟು ದಿನ ತಡ್ಕಳಮ್ಮ, ರಿಪೋರ್ಟು ನಿನ್ ಕೈಗೇ ತಂದ್ಕೊಡ್ತೀನಿ."

ಶಿವರಾತ್ರಿ ಬಂತು, ಹೋಯಿತು. ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ನಮ್ಮ ಎರಡನೇ ಹಸುವೂ ರಾತ್ರಿ ಹೊತ್ತು ಕಂದು ಹಾಕಿತು. ಸತ್ತೆ ಬೀಳಲಿಲ್ಲ. ಡಿಗ್ರಿ ಓದುವ ನನ್ನ ಮಗ ಬರಿಗೈ ಹಾಕಿ ಎಳೆದು ತೆಗೆದ. ಮುಂಗೈ ತುಂಬ ಆ ದಿನ ಕಬ್ಬಿನ ಸೋಗೆ ಕುಯ್ದ ಗೀರುಗಳು. ಸೋಪು ಹಚ್ಚಿ ತೊಳೆದುಕೊಂಡು ಮಲಗಿದ.

ಏಪ್ರಿಲಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಮೈ ಸುಡುವುದು, ಬೆಳಗಿನ ಜಾವ ಅಂಗಿ ಹಿಂಡಿದರೆ ನೀರು. ಟೈಫಾಯ್ಡ್ ಎಂದರು, ಡೆಂಗಿ ಎಂದರು, ಕಫ ಪರೀಕ್ಷೆ ಮಾಡಿಸಿದರು. ಇಪ್ಪತ್ತು ವರ್ಷದ ಹುಡುಗ ಸೊಂಟ ಹಿಡಿದುಕೊಂಡು ಮುದುಕನ ಹಾಗೆ ಏಳುತ್ತಿದ್ದ. ಮೂರೂವರೆ ತಿಂಗಳಾದ ಮೇಲೆ ಮೈಸೂರಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಫೈಲು ತೆರೆಯುವ ಮೊದಲೇ ಕೇಳಿದರು: "ಮನೇಲಿ ಹಸು ಇದಾವಾ? ಯಾವುದಾದ್ರೂ ಕಂದು ಹಾಕಿತ್ತಾ?" ಬ್ರೂಸೆಲ್ಲಾ, ನಮ್ಮ ಬಾಯಲ್ಲಿ ಕಂದು ರೋಗ. ಆರು ವಾರ ಎರಡು ಥರದ ಮಾತ್ರೆ. ಅದರಲ್ಲೊಂದು ನುಂಗಿದರೆ ಮೂತ್ರ ಕೆಂಪಗೆ ಹೋಗುತ್ತದೆ. ಅವರು ಮೊದಲೇ ಹೇಳದಿದ್ದರೆ ಅದನ್ನು ಕಂಡೇ ಜೀವ ಹಾರಿಹೋಗುತ್ತಿತ್ತು.

ಮೂರನೇ ಸಲ ನಾನು ಬಂದದ್ದು ಆಗ. ಆಗಲೂ ಬೈಯಲು ಬರಲಿಲ್ಲ, ರಿಪೋರ್ಟು ಕೇಳಲು ಬಂದೆ. ಕಡತದಿಂದ ತಲೆ ಎತ್ತದೆ ಅಂದಿರಿ: "ರಿಪೋರ್ಟ್ ತಗಂಡು ಏನ್ ಮಾಡ್ತೀಯಮ್ಮ? ಮೊದ್ಲು ಕೊಟ್ಟಿಗೆ ಕ್ಲೀನಾಗಿ ಇಟ್ಕೊ."

ಏಕವಚನಕ್ಕೆ ಬೇಸರವಿಲ್ಲ, ನಮ್ಮ ಕಡೆ ಅದು ಸಲಿಗೆ. ಕೊಟ್ಟಿಗೆಯ ಮಾತೂ ಸುಳ್ಳಲ್ಲ. ಮೊದಲು ಕಂದು ಹಾಕಿದ ಹಸುವನ್ನು ನಾವು ತಂದದ್ದು ದಲ್ಲಾಳಿಯಿಂದ. ಹಲ್ಲು ನೋಡಿದೆವು, ಕೆಚ್ಚಲು ಮುಟ್ಟಿದೆವು, ಎರಡು ಹೊತ್ತು ಕರೆದು ನೋಡಿದೆವು. ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕೆಂಬ ಬುದ್ಧಿ ನಮಗಿರಲಿಲ್ಲ. ಅದು ಹಾಕಿದ ಕಂದನ್ನು ನನ್ನ ಯಜಮಾನರು ನಾಲೆಯ ಬದಿಗೆ ಎಸೆದು ಬಂದರು; ನಾಯಿಗಳು ಅದನ್ನು ಬೀದಿಗೇ ಎಳೆದು ತಂದವು. ಸುಣ್ಣ ಹಾಕಿ ಆಳಕ್ಕೆ ಹೂಳಬೇಕೆಂದು ಗೊತ್ತಾದದ್ದು ಈಚೆಗೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಆ ಹಸುವನ್ನು ಅದೇ ದಲ್ಲಾಳಿಗೆ ಮಾರಿದೆವು. ಕಂದು ಹಾಕಿದ್ದು ಎಂದು ನಾವು ಹೇಳಲಿಲ್ಲ, ಅವನೂ ಕೇಳಲಿಲ್ಲ. ಈ ರೋಗದ ಹಸು ಸಾಮಾನ್ಯವಾಗಿ ಒಂದು ಸಲ ಕಂದು ಹಾಕಿ, ಮುಂದಿನ ಸಲ ದಿನ ತುಂಬಿಯೇ ಈಯುತ್ತದೆ, ನೋಡಲು ದುಂಡುದುಂಡಗೆ ಇರುತ್ತದೆ, ಆದರೂ ಈದಾಗಲೆಲ್ಲ ರೋಗ ಚೆಲ್ಲುತ್ತದೆ. ಅದೀಗ ಯಾರ ಕೊಟ್ಟಿಗೆಯಲ್ಲಿದೆಯೋ. ಆ ಪಾಪ ನನ್ನದು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಎಂಟನೇ ದಿನಕ್ಕೆ ರಿಪೋರ್ಟು ಬಂದಿದ್ದರೆ ಆ ಹಸುವನ್ನು ಮಾರುತ್ತಿರಲಿಲ್ಲ. ಉಳಿದವನ್ನು ಬೇರೆ ಕಡೆ ಕಟ್ಟುತ್ತಿದ್ದೆ. ಮಗನ ಕೈಯನ್ನು ಹಿಡಿದು ಹಿಂದಕ್ಕೆಳೆಯುತ್ತಿದ್ದೆ. ರಿಪೋರ್ಟ್ ತಗೊಂಡು ಮಾಡುವುದು ಇದನ್ನೇ ಸ್ವಾಮಿ, ಫ್ರೇಮು ಹಾಕಿಸುವುದಲ್ಲ.

2013ರಲ್ಲಿ ಕಾಲುಬಾಯಿ ಜ್ವರ ಬಂದು ರಾಜ್ಯದಲ್ಲಿ ಸಾವಿರಾರು ರಾಸು ಸತ್ತಾಗ ಜೊಲ್ಲು ಸುರಿಯುವುದು ಕಣ್ಣಿಗೆ ಕಾಣುತ್ತಿತ್ತು. 2022ರ ಚರ್ಮಗಂಟು ರೋಗವೂ ಮೈಮೇಲೇ ಎದ್ದಿತು, ಸಂತೆ ಜಾತ್ರೆ ನಿಲ್ಲಿಸಿದಿರಿ. ಕಂದು ರೋಗ ಹಾಗೆ ಕಾಣುವುದಿಲ್ಲ. ಕಾಣುವುದು ನಿಮ್ಮ ಸೀಸೆಯಲ್ಲಿ ಮಾತ್ರ. ಆ ಸೀಸೆ ಎಲ್ಲಿ?

2009ರ ಪಶುರೋಗ ಕಾಯಿದೆ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ಮಾಲೀಕರೇ ತಿಳಿಸಬೇಕಂತೆ. ತಿಳಿಸಿದೆವು. 2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಪ್ರಧಾನಿಗಳು ಕಾಲುಬಾಯಿ ಜ್ವರ ಮತ್ತು ಕಂದು ರೋಗದ ಮೇಲೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದರು. ಅದಕ್ಕೆ ಐದು ವರ್ಷಕ್ಕೆಂದು ಸಂಪುಟ ಒಪ್ಪಿದ್ದು 13,343 ಕೋಟಿ. ಅಷ್ಟು ಕೋಟಿಯಲ್ಲಿ ನಾನು ಕೇಳಿದ್ದು ಒಂದು ಹಾಳೆ. ಅದೇ ಕಾರ್ಯಕ್ರಮದಲ್ಲಿ ಕಂದು ರೋಗಕ್ಕೆ ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಒಂದು ಲಸಿಕೆ. ನಮ್ಮ ಕರುವಿಗೆ ಹತ್ತು ತಿಂಗಳಾದಾಗ ನಿಮ್ಮವರು ಬಂದು, ವಯಸ್ಸು ಮೀರಿತು ಎಂದು ಹೋದರು. ಮೀರಿಸಿದ್ದು ಕರುವೇ? 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಪೆಂಡಾಲು ಹಾಕಿ ಉದ್ಘಾಟಿಸಿದ ದಶಪಥದಲ್ಲಿ, ಲ್ಯಾಬ್ ಇರುವ ಬೆಂಗಳೂರು ಒಂದೂವರೆ ಗಂಟೆ ದಾರಿ. ನಮ್ಮ ಬೈಕು, ಟ್ರ್ಯಾಕ್ಟರುಗಳ ಹಾಗೆ ಸರ್ವಿಸ್ ರಸ್ತೆಯಲ್ಲಿ ಬಂದಿದ್ದರೂ ರಿಪೋರ್ಟು ಇಷ್ಟೊತ್ತಿಗೆ ಮನೆ ಮುಟ್ಟಬೇಕಿತ್ತು.

ಗೆಜ್ಜಲಗೆರೆಯ ದೊಡ್ಡ ಡೈರಿಯಲ್ಲಿ ಹಾಲನ್ನು ಕಾಯಿಸಿ, ತಣಿಸಿ, ಪ್ಯಾಕೆಟ್ಟಿಗೆ ತುಂಬುತ್ತಾರೆ. ಆ ಕಾವಿಗೆ ಈ ಕ್ರಿಮಿ ಉಳಿಯದು. ಪಟ್ಟಣದ ಮಕ್ಕಳು ಕುಡಿಯುವ ಹಾಲು ಕ್ಷೇಮ, ಒಳ್ಳೆಯದೇ. ಕರು ಎಳೆಯುವವರ ಕೈಯನ್ನು ಯಾವ ಯಂತ್ರದಲ್ಲಿ ಕಾಯಿಸಬೇಕು? ದಿನಕ್ಕೆರಡು ಹೊತ್ತು ಫ್ಯಾಟು ನೋಡುವ ಹಾಲಿಗೇ ಎರಡು ಹನಿ ಬಣ್ಣದ ಔಷಧಿ ಬಿಟ್ಟರೆ, ಊರಿನಲ್ಲಿ ರೋಗವಿದ್ದರೆ ಕೆನೆ ನೀಲಿ ಉಂಗುರ ಕಟ್ಟುತ್ತದೆ. ಹಳೆಯ ಪರೀಕ್ಷೆ, ಖರ್ಚೂ ಕಮ್ಮಿ. ಊರೂರಿನ ಕ್ಯಾನಿಗೂ ಅದನ್ನು ಮಾಡಿಸಿ. ಪರೀಕ್ಷೆಯ ಚೀಟಿ ಇಲ್ಲದೆ ಹಸು ಮಾರಬಾರದು ಎನ್ನಿ, ದಲ್ಲಾಳಿಗೂ ನನಗೂ ಸೇರಿಸಿ. ಮೊಣಕೈ ಮೇಲಿನ ಕೈಗವಸು ಪ್ರತಿ ಊರಿನ ಡೈರಿಯಲ್ಲೂ ಸಿಗಲಿ. ರೋಗದ ಹಸುವನ್ನು ಇಟ್ಟುಕೊಂಡರೆ ಮನೆಗೆ ಕೇಡು, ಮಾರಿದರೆ ಇನ್ನೊಬ್ಬರ ಮನೆಗೆ ಕೇಡು; ಪರಿಹಾರ ಕೊಡದೆ ಪ್ರಾಮಾಣಿಕರಾಗಿರಿ ಎಂದರೆ ಬಡವರು ಎಲ್ಲಿಗೆ ಹೋಗಬೇಕು? ನಮ್ಮೂರು ಪಂಚಾಯ್ತಿಯಾಗೇ ಇರಬೇಕೋ ಮದ್ದೂರಿನ ನಗರಸಭೆಗೆ ಸೇರಬೇಕೋ ಎಂದು ಜಗಳವಾಗುವಷ್ಟು ಹೊತ್ತಿನಲ್ಲಿ ಸತ್ತ ಕರು ಹೂಳುವ ಜಾಗ ಯಾವುದು ಎಂದು ಯಾರೂ ಕೇಳಿಲ್ಲ.

ಇವೆಲ್ಲ ಆಗುವಾಗ ಆಗಲಿ. ಮೊದಲು ಆ ಹಾಳೆ ಕೊಡಿ. ಕೊಟ್ಟಿಗೆಯಲ್ಲಿ ಇನ್ನೊಂದು ಹಸುವಿಗೆ ಈಗ ಎಂಟು ತಿಂಗಳು ತುಂಬಿದೆ. ಅದರ ರಕ್ತವೂ ಅದೇ ಡಬ್ಬಿಯಲ್ಲಿ ಹೋಗಿತ್ತು.

ಇಂತಿ,
ಹಗ್ಗ ಹಿಡಿದು ನಿಂತಿದ್ದವಳು