ನೋಡಿದ ಇಲಿ, ಆಡಿದ ಇಲಿ



ಮಗುವಿನ ಮೆದುಳು ಮೂರು ವರ್ಷದೊಳಗೆ ಬೆಳೆದು ಮುಗಿಯುತ್ತದೆ, ಆಮೇಲೆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ ಎಂದು ಹೆದರಿಸಿ, ಎಳೆಯರಿಗೆ ತರಬೇತಿಯನ್ನೂ ವಿಡಿಯೊಗಳನ್ನೂ ಮಾರುವವರು ಇಂದು ಹೇರಳ. 'ಇದು ವಿಜ್ಞಾನ' ಎಂಬ ಮುದ್ರೆ ಬೇರೆ. ನಮ್ಮ ಕುಟುಂಬಗಳೂ ಈ ಭಯಕ್ಕೆ ಹಣ ತೆರುತ್ತಿವೆ. ಹಾಗಾದರೆ ಆ ವಿಜ್ಞಾನವನ್ನೇ ಕೇಳೋಣ.

ಇಂಥ ಮಾತುಗಳಿಗೆ ಆಧಾರವೆಂದು ತೋರಿಸಲಾಗುವ ಪ್ರಯೋಗಗಳಲ್ಲಿ ಮುಖ್ಯವಾದವು 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ನಡೆದವು. ಡೇವಿಡ್ ಕ್ರೆಚ್, ಮಾರ್ಕ್ ರೋಸೆನ್‌ಜ್ವೈಗ್, ಎಡ್ವರ್ಡ್ ಬೆನೆಟ್, ಮೇರಿಯನ್ ಡೈಮಂಡ್ ಎಂಬ ನಾಲ್ವರು, ಆಗತಾನೆ ತಾಯಿಹಾಲು ಬಿಟ್ಟ ಇಲಿಮರಿಗಳನ್ನು ಬೇರೆಬೇರೆ ಗೂಡುಗಳಲ್ಲಿ ಬೆಳೆಸಿದರು. ಒಂದು ಮರಿ ಒಂಟಿ. ಅದರ ಒಡಹುಟ್ಟು ಹತ್ತಾರು ಸಂಗಾತಿಗಳೊಡನೆ, ದಿನವೂ ಬದಲಾಗುವ ಆಟಿಕೆಗಳ ನಡುವೆ. ಸುಮಾರು 80 ದಿನಗಳ ನಂತರ ಮೆದುಳನ್ನು ತೂಗಿ, ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಅಳೆದರು. ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕದ ಮೂಲಕ ಸಂದೇಶ ಕಳುಹಿಸುತ್ತದೆ. ಅಂಥ ಒಂದು ರಾಸಾಯನಿಕವನ್ನು ಈ ಕಿಣ್ವವು ಕ್ಷಣಾರ್ಧದಲ್ಲಿ ಒಡೆದು, ಮುಂದಿನ ಸಂದೇಶಕ್ಕೆ ದಾರಿ ಬಿಡಿಸುತ್ತದೆ. ಕೂಡಿ ಆಡಿದ ಮರಿಗಳ ಮೆದುಳಿನ ಹೊರಪದರ ಶೇಕಡ 4ರಷ್ಟು ಭಾರವಾಗಿತ್ತು. ಅದರಲ್ಲಿ ಕಿಣ್ವದ ಒಟ್ಟು ಚಟುವಟಿಕೆಯೂ ಹೆಚ್ಚಿತ್ತು.

ವ್ಯಾಪಾರಿಗಳು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನಾವು ಮುಂದೆ ಓದೋಣ.

ಮೊದಲನೆಯದಾಗಿ, ಬೆಳೆದ ಇಲಿಗಳನ್ನು ಅಂಥ ಗೂಡಿಗೆ ಬಿಟ್ಟಾಗಲೂ ಅವುಗಳ ಮೆದುಳು ಬದಲಾಯಿತು. ಬಾಗಿಲು ಮುಚ್ಚಿರಲಿಲ್ಲ. ಎರಡನೆಯದಾಗಿ, ಬಯಲಿನ ಮಣ್ಣಿನಲ್ಲಿ ಬಿಲ ತೋಡಿ ಬದುಕಲು ಬಿಟ್ಟ ಇಲಿಗಳ ಮೆದುಳು, ಆಟಿಕೆ ತುಂಬಿದ ಗೂಡಿನವುಗಳಿಗಿಂತಲೂ ಹೆಚ್ಚು ಬೆಳೆದಿತ್ತು. ಮೂರನೆಯದೇ ನಮ್ಮ ಮನೆಗಳಿಗೆ ತಟ್ಟಬೇಕಾದ ಮಾತು. 1975ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವು ಇಲಿಗಳನ್ನು ಚಿಕ್ಕ ಜಾಲರಿಪೆಟ್ಟಿಗೆಗಳಲ್ಲಿಟ್ಟು, ಆ ಪೆಟ್ಟಿಗೆಗಳನ್ನು ಆಟದ ಗೂಡಿನೊಳಗೇ ಇರಿಸಿದರು. ಅವು ಎಲ್ಲವನ್ನೂ ನೋಡಿದವು, ಕೇಳಿದವು, ಮೂಸಿದವು, ಆದರೆ ಆಡಲಿಲ್ಲ. ಅವುಗಳ ಮೆದುಳಿಗೆ ಆ ನೋಟದಿಂದ ಲಾಭವೇನೂ ಆಗಲಿಲ್ಲ.

ಇಲಿ ಮಗುವಲ್ಲ, ನಿಜ. ಇಲಿಯ ಲೆಕ್ಕವನ್ನು ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮಗುವಿಗೆ ನೇರವಾಗಿ ಅನ್ವಯಿಸುವುದು ತಪ್ಪು. ಆದರೆ ಇಲಿಯನ್ನು ಸಾಕ್ಷಿಗೆ ಕರೆತಂದವರು ಅದರ ಸಾಕ್ಷ್ಯವನ್ನು ಪೂರ್ತಿ ಕೇಳಬೇಡವೇ? ಪರದೆಯ ಮುಂದೆ ಕುಳಿತ ಕೂಸು ಜಾಲರಿಯ ಹಿಂದಿನ ಇಲಿಯನ್ನು ನೆನಪಿಸುವುದಿಲ್ಲವೇ?

'ದುಡಿದು ದಣಿದು ಬರುತ್ತೇವೆ, ಫೋನು ಕೊಡದೆ ವಿಧಿಯಿಲ್ಲ' ಎನ್ನುತ್ತೀರಿ. ನಿಮ್ಮ ದಣಿವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ದುಡಿಮೆಯ ಹಣವೇ ತರಬೇತಿಯ ಶುಲ್ಕವಾಗಿ ಹೋಗುತ್ತಿದೆ. ಮಗುವಿಗೆ ಬೇಕಾಗಿರುವ ಅರ್ಧ ಗಂಟೆ ಮಾತ್ರ ಯಾವ ಅಂಗಡಿಯಲ್ಲೂ ಸಿಗದು. ತಂದೆತಾಯಿಯರೇ ಮಕ್ಕಳ ಪ್ರಥಮ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ಆ ಹೊಣೆಯನ್ನು ಗುತ್ತಿಗೆಗೆ ಕೊಡಲಾಗದು. ಪ್ರಭು ಯೇಸು ಜ್ಞಾನದಲ್ಲಿ ಬೆಳೆದದ್ದು ನಜರೇತಿನ ಬಡಗಿಯೊಬ್ಬನ ಮನೆಯಲ್ಲಿ.

ಆದ್ದರಿಂದ ಇಂದು ಸಂಜೆ ಫೋನನ್ನು ಕಪಾಟಿನಲ್ಲಿಡಿ. ಪಕ್ಕದ ಮನೆಯ ಮಕ್ಕಳನ್ನೂ ಅಂಗಳಕ್ಕೆ ಕರೆಯಿರಿ; ಮಣ್ಣಾದರೆ ಆಗಲಿ. ಜಪಮಾಲೆಗೆ ಕೂರುವಾಗ ಕೈಕಾಲು ತೊಳೆಸಿದರಾಯಿತು.