ಸೂಜಿ ನಮ್ಮ ಕೈಗೇ ಕೊಡಿ, ಹಾಕ್ಕೊಳ್ಳೋದನ್ನ ಕಲಿಸಿಕೊಡಿ

ದುರ್ಗದ ಕೆಳಗಿಂದ | ಕ್ಯಾಪ್ಷನ್ 1/7

ಫೋಟೋ: ದೇವರಾಯನದುರ್ಗದ ಮೇಲಿಂದ ತುಮಕೂರು ಕಡೆ. ಮಂಜು ಜಾಸ್ತಿ ಇತ್ತು, ಊರು ಕಾಣಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.

ನೇರ ವಿಷಯಕ್ಕೆ ಬರ್ತೀನಿ. ಹಾರ್ಮೋನ್ ಚಿಕಿತ್ಸೆ ತಗೊಳ್ಳೋ ಟ್ರಾನ್ಸ್ ಹುಡುಗರಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ನ ಚರ್ಮದ ಕೆಳಗೆ ತಾವೇ ಹಾಕ್ಕೊಳ್ಳೋದು ಹೇಗೆ ಅಂತ ಆಸ್ಪತ್ರೆಗಳು ಕಲಿಸಬೇಕು. ಬೆಂಗಳೂರಲ್ಲಿ ಮಾತ್ರ ಅಲ್ಲ, ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲೂ ಕಲಿಸಬೇಕು. ಇದು ನನ್ನ ಅಭಿಪ್ರಾಯ. ಕಾರಣಗಳನ್ನ ಏಳು ಕ್ಯಾಪ್ಷನ್‌ನಲ್ಲಿ ಹೇಳ್ತೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ನಾನು ಬಿಕಾಂ, ವಯಸ್ಸು 20. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರು, ನಾನು ಹುಡುಗ. ಈ ವಿಷಯದಲ್ಲಿ ನಮ್ಮ ಕನ್ನಡ ಅರ್ಧ ಒಳ್ಳೇದು. "ನಾನು ಬಂದೆ" ಅಂದಾಗ ಗಂಡೋ ಹೆಣ್ಣೋ ಅಂತ ಭಾಷೆ ಕೇಳೋದೇ ಇಲ್ಲ. ಬೇರೆಯವರು ನನ್ನ ಬಗ್ಗೆ ಮಾತಾಡುವಾಗ ಮಾತ್ರ ಬಂದನಾ, ಬಂದಳಾ ಅನ್ನೋ ಗಲಾಟೆ. ನಮ್ಮ ಬೆಂಚಿನವರು ಒಂದೇ ಸೆಮಿಸ್ಟರ್‌ನಲ್ಲಿ "ಬಾರೇ" ಬಿಟ್ಟು "ಬಾರೋ" ಅನ್ನೋಕೆ ಶುರು ಮಾಡಿದ್ರು. ಥ್ಯಾಂಕ್ಸ್ ಕಣ್ರೋ.

ಕ್ಯಾಪ್ಷನ್ 2/7

ಫೋಟೋ: ಖಾಲಿ ಗಾಜಿನ ಆಂಪೂಲ್, ನನ್ನ ಅಂಗೈಯಲ್ಲಿ. ಎಷ್ಟು ಚಿಕ್ಕದು ನೋಡಿ.

ಟೆಸ್ಟೋಸ್ಟೆರಾನ್ ಅಂದ್ರೆ ಏನೋ ಭಯಂಕರ ಪದಾರ್ಥ ಅಲ್ಲ. ಎಲ್ಲರ ಮೈಯಲ್ಲೂ ಇರುತ್ತೆ, ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತೆ. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಹೋರಿಯ ವೃಷಣದಿಂದ ಇದನ್ನ ಬೇರ್ಪಡಿಸಿದ್ರು. ಅದೇ ವರ್ಷ ಲ್ಯಾಬ್‌ನಲ್ಲೂ ತಯಾರಾಯ್ತು. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಇಂಗ್ಲೆಂಡಿನ ಮೈಕೆಲ್ ಡಿಲನ್ ಅನ್ನೋರು ಗಂಡಸಾಗಿ ಬಾಳೋಕೆ ಇದರ ಮಾತ್ರೆ ತಗೊಳ್ಳೋಕೆ ಶುರು ಮಾಡಿದ್ರು. ಆಮೇಲೆ ಡಾಕ್ಟರಾದ್ರು, ಬೌದ್ಧ ಭಿಕ್ಷು ಆದ್ರು, 1962ರಲ್ಲಿ ನಮ್ಮ ದೇಶದ ಡಾಲ್‌ಹೌಸಿಯಲ್ಲೇ ತೀರಿಕೊಂಡ್ರು. "ಇದೆಲ್ಲ ಈಗಿನ ಮೊಬೈಲ್ ಹುಡುಗರ ಫ್ಯಾಷನ್" ಅನ್ನೋರಿಗೆ ಈ ಇಸವಿಗಳನ್ನ ಕಳಿಸಿ.

ನಮ್ಮಲ್ಲಿ ಹೆಚ್ಚಾಗಿ ಸಿಗೋದು ಎಣ್ಣೆಯಲ್ಲಿ ಕರಗಿಸಿದ ಇಂಜೆಕ್ಷನ್. ಸಸ್ಟನಾನ್ ಅನ್ನೋದರಲ್ಲಿ ಇರೋದು ಕಡಲೆಕಾಯಿ ಎಣ್ಣೆ! ಪಾವಗಡ, ಶಿರಾ ಕಡೆಯವರು ಹೆಮ್ಮೆ ಪಡಬಹುದು. (ಜೋಕ್ ಪಕ್ಕಕ್ಕಿಡಿ: ಕಡಲೆಕಾಯಿ ಅಲರ್ಜಿ ಇರೋರಿಗೆ ಅದು ಆಗಲ್ಲ, ಡಾಕ್ಟರಿಗೆ ಮೊದಲೇ ಹೇಳಬೇಕು.) ವಾಡಿಕೆ ಏನಂದ್ರೆ ಎರಡು ಮೂರು ವಾರಕ್ಕೊಮ್ಮೆ ನರ್ಸ್ ಕೈಯಲ್ಲಿ ಸೊಂಟದ ಸ್ನಾಯುವಿಗೆ ಆಳವಾಗಿ ಹಾಕಿಸ್ಕೊಳ್ಳೋದು. ಹಾಕಿದ ಮೊದಲ ದಿನಗಳಲ್ಲಿ ಹಾರ್ಮೋನ್ ಮೇಲೇರುತ್ತೆ, ಕೊನೆಯ ದಿನಗಳಲ್ಲಿ ಇಳಿಯುತ್ತೆ. ಅದು ಇಳಿದಾಗ ಸುಸ್ತು, ಸಿಡುಕು, ಯಾರ ಹತ್ರಾನೂ ಮಾತು ಬೇಡ ಅನ್ಸೋದು.

ಇನ್ನೊಂದು ದಾರಿ ಇದೆ. ಅದೇ ಔಷಧಿ, ಕಮ್ಮಿ ಪ್ರಮಾಣದಲ್ಲಿ, ವಾರಕ್ಕೊಮ್ಮೆ, ಸಣ್ಣ ಸೂಜಿಯಲ್ಲಿ, ಚರ್ಮದ ಕೆಳಗಿನ ಕೊಬ್ಬಿಗೆ. 2017ರಲ್ಲಿ ಅಮೆರಿಕದಲ್ಲಿ 63 ಟ್ರಾನ್ಸ್ ಗಂಡಸರ ಮೇಲೆ ನಡೆಸಿದ ಅಧ್ಯಯನ ಪ್ರಕಟ ಆಯ್ತು. ಎಲ್ಲರಲ್ಲೂ ಹಾರ್ಮೋನ್ ಮಟ್ಟ ಗಂಡಸರಲ್ಲಿ ಎಷ್ಟಿರಬೇಕೋ ಅಷ್ಟಕ್ಕೆ ಬಂತು. ಸ್ನಾಯುವಿನ ಇಂಜೆಕ್ಷನ್ ಬಿಟ್ಟು ಇದಕ್ಕೆ ಬಂದಿದ್ದ 22 ಜನಕ್ಕೂ ಇದೇ ಇಷ್ಟ ಆಯ್ತು.

ಕ್ಯಾಪ್ಷನ್ 3/7

ಫೋಟೋ: ಬಸ್ ಟಿಕೆಟ್‌ಗಳ ಕಟ್ಟು. ಎಸೆಯೋಕೆ ಮನಸ್ಸು ಬಂದಿಲ್ಲ.

ಈಗ ಬಿಕಾಂ ಲೆಕ್ಕ. ಕಾಸ್ಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡಿದವರೂ ಎದ್ದೇಳಿ.

ದುರ್ಗದಿಂದ ತುಮಕೂರು ಸುಮಾರು 15 ಕಿ.ಮೀ. ಅಲ್ಲಿಂದ ಬೆಂಗಳೂರು ಸುಮಾರು 70. ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೊಂದು ಬಸ್. ಕ್ಲಿನಿಕ್‌ನಲ್ಲಿ ಟೋಕನ್. ಇಂಜೆಕ್ಷನ್ ಹಾಕೋಕೆ ಬೇಕಾಗಿದ್ದು ಒಂದೆರಡು ನಿಮಿಷ, ಹೋಗಿ ಬರೋಕೆ ಪೂರ್ತಿ ದಿನ. ಮೂರು ವಾರಕ್ಕೊಮ್ಮೆ ಅಂದ್ರೆ ವರ್ಷಕ್ಕೆ 17 ದಿನ. ಶೇ. 75 ಅಟೆಂಡೆನ್ಸ್ ಬೇಕೇ ಬೇಕು ಅನ್ನೋ ಕಾಲೇಜಲ್ಲಿ ಪ್ರತಿ ಸಲ ಹೊಸ ಸುಳ್ಳು ಹುಡುಕಬೇಕು. ನನ್ನ ಲೆಕ್ಕದಲ್ಲಿ ಈಗಾಗಲೇ ಮೂರು ಸಲ "ಸೋದರಮಾವನ ಗೃಹಪ್ರವೇಶ" ಆಗಿದೆ.

ಹತ್ರದಲ್ಲೇ ಹಾಕಿಸ್ಕೋಬಹುದಲ್ವಾ ಅಂತೀರಾ? ಹಾಕಿಸ್ಕೋಬಹುದು. ಒಂದು ಕಡೆ (ಹೆಸರು ಬೇಡ) ಚೀಟಿ ನೋಡಿ ಕೇಳಿದ್ರು, "ಇದು ಗಂಡಸರ ಇಂಜೆಕ್ಷನ್ನು, ನಿಮ್ಮ ಯಜಮಾನ್ರಿಗಾ?" ಹಿಂದೆ ಕಾಯ್ತಿದ್ದ ಆರು ಜನ ತಲೆ ಎತ್ತಿ ನೋಡಿದ್ರು. ಅದರಲ್ಲಿ ಒಬ್ಬರಿಗೆ ನಮ್ಮಪ್ಪ ಗೊತ್ತು. ಚಿಕ್ಕ ಊರಲ್ಲಿ ಔಷಧಿಗಿಂತ ಸುದ್ದಿ ಬೇಗ ಹರಡುತ್ತೆ.

ಮುಖ್ಯ ಪಾಯಿಂಟ್ ಇಲ್ಲಿದೆ. ಏರಿಳಿತ ಕಮ್ಮಿ ಇರೋ ವಾರದ ಇಂಜೆಕ್ಷನ್‌ಗೆ ವರ್ಷಕ್ಕೆ 52 ಸಲ ಚುಚ್ಚಬೇಕು. 52 ಸಲ ಬೆಂಗಳೂರಿಗೆ ಯಾರು ಹೋಗ್ತಾರೆ? ಅಂದ್ರೆ ತಾನೇ ಹಾಕ್ಕೊಳ್ಳೋಕೆ ಬರೋನಿಗೆ ಮಾತ್ರ ಆ ಚಿಕಿತ್ಸೆ ಇದೆ. ಕಲಿಸದೇ ಇರೋದು ಅಂದ್ರೆ ಕೊಡದೇ ಇರೋದು.

ಕ್ಯಾಪ್ಷನ್ 4/7

ಫೋಟೋ: ಫ್ರಿಜ್ಜಿನ ಬಾಗಿಲು. ಅಜ್ಜಿಯ ಇನ್ಸುಲಿನ್, ಪಕ್ಕದಲ್ಲಿ ನಿಂಬೆಹಣ್ಣು.

ನಮ್ಮಜ್ಜಿ ದಿನಕ್ಕೆ ಎರಡು ಸಲ ಹೊಟ್ಟೆಗೆ ಚುಚ್ಕೊಂಡು ಆಮೇಲೆ ಮುದ್ದೆ ಮುರೀತಾರೆ. ಕನ್ನಡಕ ಸಿಗದೇ ಇದ್ರೆ ಸಿರಿಂಜ್‌ನ ಗೆರೆ ಎಣಿಸೋಕೆ ನನ್ನ ಕರೀತಾರೆ. ಅಜ್ಜಿ ಓದಿರೋದು ನಾಲ್ಕನೇ ಕ್ಲಾಸು. ಯಾರಾದ್ರೂ "ಇಷ್ಟು ಅಪಾಯದ ಕೆಲಸ ಇವರ ಕೈಗೆ ಕೊಡೋದಾ" ಅಂದಿದ್ದಾರಾ? ಇಲ್ಲ. ಇನ್ಸುಲಿನ್ ಕೂಡ ಹಾರ್ಮೋನೇ, ಹಾಕೋದು ಅದೇ ಚರ್ಮದ ಕೆಳಗಿನ ಕೊಬ್ಬಿಗೆ. ಅದರ ಡೋಸ್ ಒಂದು ಸಲ ಜಾಸ್ತಿ ಆದ್ರೆ ಅರ್ಧ ಗಂಟೇಲಿ ಪ್ರಜ್ಞೆ ತಪ್ಪಬಹುದು. ಆದ್ರೂ ಜನರನ್ನ ನಂಬಿ ಕಲಿಸಿದ್ರು, ಜನ ಕಲಿತ್ರು.

ಐವಿಎಫ್ ಮಾಡಿಸ್ಕೊಳ್ಳೋ ಅಕ್ಕಂದಿರು ಮನೇಲೇ ಹೊಟ್ಟೆಗೆ ಹಾರ್ಮೋನ್ ಚುಚ್ಕೋತಾರೆ. ಮಕ್ಕಳ ನಡುವೆ ಅಂತರ ಇರಲಿ ಅಂತ ಮೂರು ತಿಂಗಳಿಗೊಮ್ಮೆ ಹಾಕೋ "ಅಂತರಾ" ಕೂಡ ಹಾರ್ಮೋನ್ ಇಂಜೆಕ್ಷನ್. 2017ರಿಂದ ಸರ್ಕಾರವೇ ಉಚಿತವಾಗಿ ಕೊಡ್ತಿದೆ, ಅದರ ಬಗ್ಗೆ ಆಶಾ ಕಾರ್ಯಕರ್ತೆಯರೇ ಮನೆಗೆ ಬಂದು ಹೇಳ್ತಾರೆ. ಹಾಗಾಗಿ "ಹಾರ್ಮೋನ್ ಇಂಜೆಕ್ಷನ್ ಹಳ್ಳಿಗೆ ಹೊಸದು" ಅನ್ನೋ ಮಾತು ನಿಲ್ಲಲ್ಲ. ಹೊಸದು ಇಂಜೆಕ್ಷನ್ ಅಲ್ಲ, ಚೇರಲ್ಲಿ ಕೂತಿರೋ ಹುಡುಗ.

ಕ್ಯಾಪ್ಷನ್ 5/7

ಫೋಟೋ: ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ಲ ಅಂತ ಬಂಡೆಗೆ ಬಾಣ ಬಿಟ್ಟು ನೀರು ಬರಿಸಿದ ಅಂತಾರೆ. ನಮ್ಮದಕ್ಕೆ ಅಷ್ಟು ಜೋರು ಬೇಡ.

ಕಲಿಸೋದು ಅಂದ್ರೆ ಏನು? ಅರ್ಧ ಗಂಟೆ ಸಾಕು. ಕೈ ತೊಳೆಯೋದು. ಎಣ್ಣೆ ಗಟ್ಟಿ ಇರೋದ್ರಿಂದ ದಪ್ಪ ಸೂಜೀಲಿ ಎಳ್ಕೊಂಡು, ಚುಚ್ಚೋಕೆ ಸಣ್ಣ ಹೊಸ ಸೂಜಿ ಬದಲಾಯಿಸೋದು. ಹೊಕ್ಕುಳಿನಿಂದ ಎರಡು ಇಂಚು ದೂರ ಇಲ್ಲಾ ತೊಡೆ, ಚರ್ಮ ಚಿವುಟಿ ಹಿಡಿದು ನಿಧಾನಕ್ಕೆ ಹಾಕೋದು. ಪ್ರತಿ ವಾರ ಜಾಗ ಬದಲಾಯಿಸೋದು. ಸಣ್ಣ ಗಂಟು, ತುರಿಕೆ ಬಂದು ಹೋಗಬಹುದು. ಜ್ವರ, ಕೀವು, ಹರಡ್ತಾ ಹೋಗೋ ಕೆಂಪು ಕಂಡ್ರೆ ಡಾಕ್ಟರ್ ಹತ್ರ ಓಡೋದು. ಬಳಸಿದ ಸೂಜಿಯನ್ನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಆಸ್ಪತ್ರೆಗೆ ವಾಪಸ್ ಕೊಡೋದು. ಕಸದ ಬುಟ್ಟಿಗೆ ಹಾಕಿದ್ರೆ ಚುಚ್ಚೋದು ಪೌರಕಾರ್ಮಿಕ ಅಕ್ಕನ ಕೈಗೆ.

ನಾನು ಡೋಸ್ ಬರೆದಿಲ್ಲ, ಗಮನಿಸಿ. ಡೋಸ್ ಡಾಕ್ಟರ್ ಚೀಟಿಯಿಂದ ಬರಬೇಕು, ನನ್ನ ಕ್ಯಾಪ್ಷನ್‌ನಿಂದ ಅಲ್ಲ. ಪ್ಯಾಕೆಟ್ ಮೇಲೆ ಸ್ನಾಯುವಿಗೆ ಅಂತಲೇ ಬರೆದಿರುತ್ತೆ, ಚರ್ಮದ ಕೆಳಗೆ ಹಾಕೋದನ್ನ ಡಾಕ್ಟರೇ ನಿರ್ಧರಿಸಬೇಕು. ಮೂರು ತಿಂಗಳಿಗೊಮ್ಮೆ ಕೊಡೋ ಅಂಡೆಕನೋಯೇಟ್ ಅನ್ನೋ ದೊಡ್ಡ ಇಂಜೆಕ್ಷನ್ ಬೇರೇನೇ. ಅದರ ಎಣ್ಣೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಇರೋದ್ರಿಂದ ಆಸ್ಪತ್ರೇಲೇ ಹಾಕಿ ಅರ್ಧ ಗಂಟೆ ಕೂರಿಸ್ತಾರೆ. ಅದನ್ನ ಮನೇಲಿ ಮುಟ್ಟಬೇಡಿ.

ಇನ್ನೊಂದು ಕಂಪನಿಗಳಿಗೆ. ಅಮೆರಿಕದಲ್ಲಿ ರಬ್ಬರ್ ಮುಚ್ಚಳದ ಬಾಟಲಿ ಸಿಗುತ್ತೆ, 2018ರಿಂದ ಚರ್ಮದ ಕೆಳಗೆ ಹಾಕೋಕೆ ಪೆನ್ ಥರದ್ದೂ ಇದೆ. ಇಲ್ಲಿ ಸಾಮಾನ್ಯವಾಗಿ ಸಿಗೋದು 1 ಎಂ.ಎಲ್., 250 ಮಿ.ಗ್ರಾಂ.ನ ಗಾಜಿನ ಆಂಪೂಲ್. ಕತ್ತು ಮುರಿದ ಮೇಲೆ ಮುಚ್ಚೋಕಾಗಲ್ಲ. ವಾರಕ್ಕೆ ಬೇಕಾಗಿದ್ದು ಅದರಲ್ಲಿ ಒಂದು ಪಾಲು, ಉಳಿದದ್ದು ಚರಂಡಿಗೆ. ಮುಂದಿನ ವಾರಕ್ಕೆ ಎತ್ತಿಟ್ರೆ ಸೋಂಕು. ಕಾಸ್ಟಿಂಗ್ ಮೇಷ್ಟ್ರೇ, ಇದು ನಾರ್ಮಲ್ ಲಾಸಾ, ಅಬ್ನಾರ್ಮಲ್ ಲಾಸಾ? ಸಣ್ಣ ಪ್ಯಾಕ್ ಮಾಡಿ ಸ್ವಾಮಿ.

ಕ್ಯಾಪ್ಷನ್ 6/7

ಫೋಟೋ: ಬ್ಲಡ್ ಟೆಸ್ಟ್ ರಿಪೋರ್ಟ್. ಹೆಸರು ಮುಚ್ಚಿದ್ದೀನಿ.

ಡಿಎಂನಲ್ಲಿ ಬರೋ ಆಕ್ಷೇಪಗಳಿಗೆ ಉತ್ತರ.

"ಕೈಗೆ ಕೊಟ್ರೆ ದುರುಪಯೋಗ ಆಗುತ್ತೆ." ಚೀಟಿ ಇಲ್ಲದೆ ಟೆಸ್ಟೋಸ್ಟೆರಾನ್ ಚುಚ್ಕೊಳ್ಳೋರು ಈಗಾಗಲೇ ಇದ್ದಾರೆ, ಬೈಸೆಪ್ಸ್‌ಗೋಸ್ಕರ. ಅವರಿಗೆ ಯಾರೂ "ಯಾರಿಗಿದು" ಅಂತ ಕೇಳಲ್ಲ. ಡಾಕ್ಟರ್ ಹತ್ರ ಹೋಗಿ, ಟೆಸ್ಟ್ ಮಾಡಿಸಿ, ಚೀಟಿ ತಂದೋನಿಗೇ ಪ್ರಶ್ನೆ. ದಾರಿ ಮುಚ್ಚಿದಷ್ಟೂ ಹುಡುಗರು ಆನ್‌ಲೈನ್‌ನಲ್ಲಿ ಕದ್ದು ತರಿಸ್ತಾರೆ, ಸೂಜಿ ಹಂಚ್ಕೋತಾರೆ. ಎಚ್‌ಐವಿ, ಹೆಪಟೈಟಿಸ್ ಬರೋದು ಹಾಗೆ.

"ಅಪಾಯ ಇಲ್ವಾ?" ಇದೆ. ರಕ್ತದಲ್ಲಿ ಕೆಂಪು ಕಣ ಜಾಸ್ತಿ ಆಗಿ ರಕ್ತ ಗಟ್ಟಿಯಾಗಬಹುದು. ಅದಕ್ಕೇ ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಟೆಸ್ಟ್ ಮಾಡಿಸ್ಬೇಕು. ಒಡೆದ ದನಿ, ಬಂದ ಗಡ್ಡ ವಾಪಸ್ ಹೋಗಲ್ಲ. ಮುಟ್ಟು ನಿಂತ್ರೂ ಗರ್ಭ ನಿಲ್ಲೋ ಸಾಧ್ಯತೆ ಇರುತ್ತೆ, ಇದು ಗರ್ಭನಿರೋಧಕ ಅಲ್ಲ. ಹಾಗಾಗಿ 18 ಆಗದ ತಮ್ಮಂದಿರೇ, ಇದನ್ನ ಓದಿ ಸೂಜಿ ಹುಡುಕಬೇಡಿ. ನಂಬಿಕೆ ಇರೋ ಡಾಕ್ಟರ್, ಕೌನ್ಸೆಲರ್ ಹುಡುಕಿ. ತಾನೇ ಹಾಕ್ಕೊಳ್ಳೋದು ಅಂದ್ರೆ ತಾನೇ ಡಾಕ್ಟರ್ ಆಗೋದು ಅಲ್ಲ.

"ಕ್ಲಿನಿಕ್ ಜಾಸ್ತಿ ಮಾಡಿದ್ರೆ ಸಾಕಲ್ವಾ?" ಕ್ಲಿನಿಕ್ ಬೇಕೇ ಬೇಕು. ಆದ್ರೆ 2021ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ನೆನಪಿಸ್ಕೊಳ್ಳಿ. ಟ್ರಾನ್ಸ್ ಜನರಿಗೇ ಅಂತ ಇದ್ದ ಕ್ಲಿನಿಕ್. 2025ರ ಶುರುವಲ್ಲಿ ಅಮೆರಿಕ ನೆರವು ನಿಲ್ಲಿಸಿದ ಕೂಡಲೇ ಬಾಗಿಲು ಹಾಕಬೇಕಾಯ್ತು. 2020ರ ಲಾಕ್‌ಡೌನ್‌ನಲ್ಲಿ ಬಸ್ಸೇ ಇರಲಿಲ್ಲ. ಬಾಗಿಲು ಮುಚ್ಚಿದ ದಿನ ಕೈಯಲ್ಲಿ ಚೀಟಿ, ಕೈಗೆ ವಿದ್ಯೆ ಎರಡೂ ಇದ್ದೋನ ಚಿಕಿತ್ಸೆ ಅರ್ಧಕ್ಕೆ ನಿಲ್ಲಲ್ಲ.

ಕ್ಯಾಪ್ಷನ್ 7/7

ಫೋಟೋ: ಬೆಟ್ಟ ಇಳಿಯೋ ರಸ್ತೆ, ಸಂಜೆ.

ಮೆಹರ್‌ಬಾನಿ ಕೇಳ್ತಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರ ಹಕ್ಕನ್ನ ಗುರುತಿಸಿತು. 2019ರಲ್ಲಿ ಬಂದ ಕಾಯ್ದೆಯ 15ನೇ ಸೆಕ್ಷನ್ ಹಾರ್ಮೋನ್ ಚಿಕಿತ್ಸೆಗೆ ಸರ್ಕಾರ ವ್ಯವಸ್ಥೆ ಮಾಡಬೇಕು ಅಂತು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲಾತಿ ಕೊಡ್ತು. ಅದೇ ವರ್ಷ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಂಡಾಗ ನಮ್ಮ ಮನೆಯವರೂ ಟಿವಿ ಮುಂದೆ ಕೂತು ನೋಡಿದ್ರು. ಜೋಗಮ್ಮನ ದಾರೀಲಿ ಬಂದೋರನ್ನ ಕನ್ನಡ ನಾಡು ತುಂಬಾ ಕಾಲದಿಂದ ಬಲ್ಲದು. ನಮ್ಮಂಥ ಹುಡುಗರು ಜನರ ಕಣ್ಣಿಗೆ ಬಿದ್ದಿರೋದೇ ಕಮ್ಮಿ. ಕಾಣ್ಬೇಕಂದ್ರೆ ಮೊದಲು ನೆಟ್ಟಗೆ ಬದುಕ್ಬೇಕು.

ನನ್ನ ಬೇಡಿಕೆ ಮೂರೇ. ಜಿಲ್ಲೆಗೊಂದು ಸರ್ಕಾರಿ ಆಸ್ಪತ್ರೇಲಿ ವಾರಕ್ಕೊಂದು ದಿನ ಹಾರ್ಮೋನ್ ಒಪಿಡಿ. ಅಲ್ಲಿ ಚುಚ್ಚೋದನ್ನ ಕಲಿಸೋ ಒಬ್ಬ ನರ್ಸ್. ತಾಲ್ಲೂಕಲ್ಲಿ ಬ್ಲಡ್ ಟೆಸ್ಟ್, ಸೂಜಿ ವಾಪಸ್ ತಗೊಳ್ಳೋ ಡಬ್ಬಿ.

ನಮ್ಮ ಫಾಲೋವರ್ಸ್‌ನಲ್ಲಿ ನರ್ಸಿಂಗ್, ಡಿ.ಫಾರ್ಮಾ ಓದ್ತಿರೋರು ತುಂಬಾ ಜನ ಇದ್ದೀರಿ. ಇನ್ನು ಎರಡು ವರ್ಷಕ್ಕೆ ಕೌಂಟರ್ ಆ ಕಡೆ ನಿಂತಿರೋದು ನೀವೇ. ಒಬ್ಬ ಹುಡುಗ ಚೀಟಿ ಚಾಚಿದಾಗ "ಯಜಮಾನ್ರಿಗಾ" ಅನ್ನಬೇಡಿ. "ಹಾಕ್ಕೊಳ್ಳೋಕೆ ಬರುತ್ತಾ, ತೋರಿಸಿಕೊಡ್ಲಾ?" ಅನ್ನಿ.

#ದುರ್ಗದಕೆಳಗಿಂದ #ದೇವರಾಯನದುರ್ಗ #ತುಮಕೂರು #ಟ್ರಾನ್ಸ್‌ಹುಡುಗರು