ವಿಜಯಪುರ ಬರೀ ಟ್ರಾನ್ಸಿಟ್ಟಾ?

ನಮ್ಮಂಥವರ ರೋಡ್ ಟ್ರಿಪ್ ಶುರುವಾಗೋದು ಎಕ್ಸೆಲ್ ಶೀಟಿನಲ್ಲಿ. ನೀವೂ ಮಾಡಿರ್ತೀರಿ. ದಿನ, ಊರು, ಕಿಲೋಮೀಟರ್, ಹೋಟೆಲ್, ತಲಾ ಖರ್ಚು. ಹೋದ ಫೆಬ್ರವರಿಯಲ್ಲಿ ಐದು ಜನ ಬೆಂಗಳೂರಿನಿಂದ ಹೊರಟಾಗ ಶೀಟ್ ಮಾಡಿದವನು ನಾನೇ. ಹಂಪಿ, ಬಾದಾಮಿ, ವಿಜಯಪುರ, ಸೊಲ್ಲಾಪುರ, ಕೊನೆಗೆ ನಾಸಿಕ್. ನಾಸಿಕ್ ಮುಂದೆ ‘ಸಿಟಿ, ವೈನ್ ಟೇಸ್ಟಿಂಗ್, ರಿಲ್ಯಾಕ್ಸ್’ ಅಂತ ಬರೆದು ಹಸಿರು ಬಣ್ಣ ತುಂಬಿದ್ದೆ. ವಿಜಯಪುರದ ಮುಂದೆ ಬರೆದದ್ದು ‘ಗೋಳಗುಮ್ಮಟ, 1 ಗಂಟೆ, ಟ್ರಾನ್ಸಿಟ್’.

ವಿಜಯಪುರ ನನ್ನ ಜಿಲ್ಲೆ. ಟಿಕೋಟಾ ಕಡೆ ನಮ್ಮದು ಮೂರು ಎಕರೆ ದ್ರಾಕ್ಷಿ ಪಡ ಇದೆ. ಗೋಳಗುಮ್ಮಟದಿಂದ ಮನೆಗೆ ಅರ್ಧ ಗಂಟೆ ದಾರಿ. ಗೆಳೆಯರು ಮೇಲೆ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಎಣಿಸ್ತಿದ್ದಾಗ ನಾನು ಕೆಳಗೆ ನಿಂತು ಅವ್ವನಿಗೆ ಫೋನ್ ಹಚ್ಚಿದೆ.

‘ಎಷ್ಟೊತ್ತಿಗೆ ಬರ್ತೀರೋ ತಮ್ಮಾ? ರೊಟ್ಟಿ ಬಡಿಯಾಕ ಕುಂತೀನಿ.’

‘ಈ ಸಲ ಆಗೂದಿಲ್ಲ ಯವ್ವಾ. ಸಂಜಿ ಒಳಗ ಸೊಲ್ಲಾಪುರ ಮುಟ್ಟಬೇಕು.’

ಮುಟ್ಟಿದೆವು. ದಾರಿಯುದ್ದಕ್ಕೂ ಆಚೀಚೆ ಪಡಗಳಿದ್ದವು, ಮಣೂಕ ಒಣಗಿಸುವ ಶೆಡ್‌ಗಳಿದ್ದವು. ಕಾರಿನ ಗಾಜು ಏರಿಸಿತ್ತು, ಒಳಗೆ ಎಸಿ, ಯಾವುದೋ ಪಾಡ್‌ಕಾಸ್ಟು. ಒಬ್ಬ ಮಾತ್ರ ಹೊರಗೆ ನೋಡಿ, ‘ಏನ್ ಬೋರಿಂಗ್ ಲ್ಯಾಂಡ್‌ಸ್ಕೇಪ್ ಮಗಾ’ ಅಂದ. ನಾನು ‘ಹೂಂ’ ಅಂದೆ.

ಕೊನೆಗೆ ನಾಸಿಕ್. ಸಿಟಿ ನೋಡೋದು ಅಂದರೆ ಏನು ಮಾಡಿದೆವು ಅಂತೀರಿ? ಮಿಸಳ್ ತಿಂದೆವು, ಪಂಚವಟಿಯಲ್ಲಿ ಪಾರ್ಕಿಂಗ್ ಸಿಗಲಿಲ್ಲ ಅಂತ ಬೈದೆವು. 1930ರಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ದಲಿತರು ಒಳಗೆ ಬಿಡಿ ಅಂತ ಸತ್ಯಾಗ್ರಹ ಮಾಡಿದ ಕಾಳಾರಾಮ ಗುಡಿ ಅಲ್ಲೇ ಇದೆ. ನಾವು ಇಳಿಯಲೇ ಇಲ್ಲ, ಟೇಸ್ಟಿಂಗ್ ಸ್ಲಾಟ್ ನಾಲ್ಕು ಗಂಟೆಗಿತ್ತು.

ಅಲ್ಲಿ ಮಾತ್ರ ನಮಗೆ ಎಲ್ಲಿಲ್ಲದ ತಾಳ್ಮೆ ಬಂತು ನೋಡಿ! ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಹಿಡಿದು ಬಣ್ಣ ನೋಡಿದೆವು. ತಿರುಗಿಸಿದೆವು, ಮೂಸಿದೆವು. ಸಾವಿನ್ಯೋನ್ ಬ್ಲಾಂಕ್‌ನಲ್ಲಿ ಹಸಿ ಕ್ಯಾಪ್ಸಿಕಂ ವಾಸನೆ ಹುಡುಕಿದೆವು, ಸಿಕ್ಕಿತು ಅಂದೆವು. ಬಾಯಲ್ಲಿ ಹೊರಳಿಸಿದೆವು. ಮಣ್ಣು, ಬಿಸಿಲು, ರಾತ್ರಿಯ ಚಳಿ ಎಲ್ಲ ಸೇರಿ ರುಚಿ ಆಗುತ್ತೆ, ಅದಕ್ಕೆ ಫ್ರೆಂಚಿನಲ್ಲಿ ‘ಟೆರ್ವಾರ್’ ಅಂತಾರೆ ಅಂತ ಗೈಡ್ ಹುಡುಗಿ ಹೇಳಿದಳು. ಐದೂ ತಲೆ ಅಲ್ಲಾಡಿದವು. ಮಸಾರಿ ಮಣ್ಣಿನ ಹಣ್ಣಿಗೂ ಎರಿ ಮಣ್ಣಿನ ಹಣ್ಣಿಗೂ ಇರೋ ಫರಕ್ಕನ್ನು ಅಪ್ಪ ನನಗೆ ಎರಡನೇ ಇಯತ್ತೆಯಲ್ಲೇ ಹೇಳಿದ್ದ. ಆಗ ತಲೆ ಅಲ್ಲಾಡಿಸಿರಲಿಲ್ಲ.

‘ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸ್ತಾರೆ, ನಿಮ್ಮಲ್ಲಿ ಯಾರಾದ್ರೂ ನೋಡಿದೀರಾ?’ ಅಂತ ಅವಳು ಕೇಳಿದಳು. ನಮ್ಮ ಕಡೆ ಅದಕ್ಕೆ ಚಾಟ್ನಿ ಅಂತಾರೆ (ತಿನ್ನೋ ಚಟ್ನಿ ಬೇರೆ). ಏಪ್ರಿಲ್‌ನಲ್ಲೊಂದು, ಅಕ್ಟೋಬರ್ ಹೊತ್ತಿಗೊಂದು. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹೊಡೆದರೆ ದಾವಣಿ ರೋಗ, ರಾತ್ರೋರಾತ್ರಿ ಔಷಧ ಹೊಡೀಬೇಕು. ಬರದ ವರ್ಷ ಅಪ್ಪ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿದ್ದಾನೆ. ಬ್ರಿಕ್ಸ್ ಮೀಟರನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಸಕ್ಕರೆ ಅಂಶ ನೋಡ್ತಾನೆ. ಹೆಚ್ಚೂಕಡಿಮೆ ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ, ಅದೂ ಗಾಡಿ ಏರಿ ಮಹಾರಾಷ್ಟ್ರದ ತಾಸಗಾಂವ ಪ್ಯಾಟಿಗೆ ಹೋಗಬೇಕು. ಇಷ್ಟೆಲ್ಲ ಗೊತ್ತಿದ್ದವನು ಗ್ಲಾಸ್ ಹಿಡಿದು ಸುಮ್ಮನೆ ಕೂತಿದ್ದೆ. ಕೈ ಎತ್ತಲಿಲ್ಲ.

ಕುಡಿಯೋದು ತಪ್ಪು ಅಂತ ಹೇಳೋಕೆ ಹೊರಟಿಲ್ಲ, ನಾನೂ ಎರಡನೇ ಗ್ಲಾಸ್ ಕೇಳಿದವನೇ. ನಾಸಿಕದವರ ಮೇಲೂ ಸಿಟ್ಟಿಲ್ಲ. ಬೆಳೆಗಾರನಿಗೆ ಅಲ್ಲಿ ಇನ್ನೊಂದು ಗಿರಾಕಿಯಾದರೂ ಹುಟ್ಟಿದೆ. ನಮ್ಮ ಸರ್ಕಾರವೂ 2007ರಲ್ಲಿ ವೈನ್ ನೀತಿ ತಂದಿತು, ಆದರೂ ವಿಜಯಪುರಕ್ಕೆ ಬಂದ ಪ್ರವಾಸಿಗೆ ‘ಇಲ್ಲಿ ದ್ರಾಕ್ಷಿ ಬೆಳೀತಾರೆ, ಇಳಿದು ನೋಡಿ’ ಅನ್ನೋ ಒಂದು ಬೋರ್ಡನ್ನೂ ನಾನು ಕಂಡಿಲ್ಲ.

ನನ್ನ ಜಗಳ ಆ ಹಸಿರು ಬಣ್ಣದ ಸಾಲಿನ ಜೊತೆ. ಸಾವಿರ ಕಿಲೋಮೀಟರ್ ರಸ್ತೆಯನ್ನು ಸಹಿಸಿಕೊಳ್ಳಬೇಕಾದ ಕಷ್ಟ ಮಾಡಿ, ಕೊನೆಯ ಸಿಟಿಯನ್ನು ಅದರ ಬಹುಮಾನ ಮಾಡ್ತೀವಲ್ಲ, ಅದರ ಜೊತೆ. ಒಂದು ಗುಟುಕಿಗೆ ಹತ್ತು ನಿಮಿಷ ಕೊಟ್ಟವರು ದಾರಿಯ ಒಂದು ಪಡಕ್ಕೆ ಎರಡು ನಿಮಿಷ ಕೊಡಲಿಲ್ಲ. ಟಿಕೆಟ್ ಇಟ್ಟು, ಇಂಗ್ಲಿಷಿನಲ್ಲಿ ಯಾರಾದರೂ ವಿವರಿಸಿದರೆ ಮಾತ್ರ ನಮಗೆ ಮಣ್ಣಿನ ರುಚಿ ಹತ್ತುತ್ತೆ. ಹಳ್ಳಿಯಿಂದ ಬಂದ ನಮ್ಮಂಥವರು ಇದರಲ್ಲಿ ಇನ್ನೂ ಒಂದು ಕೈ ಮುಂದೆ: ಊರು ಹತ್ತಿರ ಬಂದ ಹಾಗೆ ಆಕ್ಸಿಲರೇಟರ್ ಒತ್ತುತ್ತೇವೆ. ಮನೆಯ ಬಾತ್‌ರೂಮ್ ನೋಡಿ ಗೆಳೆಯರು ಏನಂದುಕೊಂಡಾರು ಅನ್ನೋ ಹೆದರಿಕೆಗೆ ‘ಟೈಮ್ ಇಲ್ಲ’ ಅಂತ ಹೆಸರಿಡ್ತೇವೆ. ನಾನು ಇಟ್ಟೆ.

ಆ ರಾತ್ರಿ ಅವ್ವ ಕೇಳಿದಳು, ‘ನಾಸಿಕದಾಗ ಏನ್ ನೋಡಿದ್ರಿ?’

‘ದ್ರಾಕ್ಷಿ ಪಡ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಮ್ಮವಕ್ಕಿಂತ ಚೊಲೊ ಅದಾವೇನು?’

ವಾಪಸ್ ಬರುವಾಗ ಗೆಳೆಯರಿಗೆ ಎಲ್ಲ ಹೇಳಿದೆ. ‘ಮೊದಲೇ ಹೇಳಬಾರದೇನೋ’ ಅಂತ ನನಗೇ ಬೈದರು. ಸರಿಯಾಗೇ ಬೈದರು. ಈ ಸಲದ ಶೀಟ್ ಈಗ ಓಪನ್ ಆಗಿದೆ. ಎರಡನೇ ದಿನಕ್ಕೆ ‘ಟಿಕೋಟಾ, ಪೂರ್ತಿ ದಿನ, ರಾತ್ರಿ ನಮ್ಮ ಮನೆ’ ಅಂತ ಒಂದು ಸಾಲು ಸೇರಿಸಿ ಹಸಿರು ತುಂಬಿದ್ದೇನೆ. ಈ ಸಲ ಹೊಸದಾಗಿ ಸೇರಿಕೊಂಡವನೊಬ್ಬ ಪಕ್ಕದಲ್ಲೇ ಕಮೆಂಟ್ ಹಾಕಿದ್ದಾನೆ: ‘ಅಲ್ಲೇನಿದೆ ನೋಡೋಕೆ?’